ದಿನಕ್ಕೊಂದು ಗುಳಿಗೆಯ ಚರಿತ್ರೆ: ಮೂರ್ಛೆರೋಗ, ಮದ್ದು ಮತ್ತು ಬಳ್ಳಾರಿ ಸೀಮೆ

ನಮ್ಮ ನಾಡಿನ ಚರಿತ್ರೆಯನ್ನು ಬರೆದವರು ಅರಸರ ವಂಶಾವಳಿ, ಯುದ್ಧ, ದಾನದತ್ತಿ, ಗುಡಿ, ಕೋಟೆ, ಮಸೀದಿಗಳ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ಜನ ಯಾವ ರೋಗಗಳಿಂದ ನರಳಿದರು, ಯಾವ ಮದ್ದು ಅವರ ಊರಿಗೆ ಯಾವಾಗ ಬಂತು, ಬಂದ ಮದ್ದನ್ನು ಅವರು ಹೇಗೆ ಬಳಸಿದರು ಎಂಬುದರ ಬಗ್ಗೆ ಬರೆದದ್ದು ಕಡಿಮೆ. ಹರಪನಹಳ್ಳಿ ತಾಲ್ಲೂಕಿನ ನೀಲಗುಂದವನ್ನೇ ತೆಗೆದುಕೊಳ್ಳೋಣ. ಇತಿಹಾಸದ ವಿದ್ಯಾರ್ಥಿಗಳಿಗೆ ಈ ಊರು ಗೊತ್ತಿರುವುದು ಕಲ್ಯಾಣ ಚಾಲುಕ್ಯರ ಕಾಲದ ಭೀಮೇಶ್ವರ ದೇವಾಲಯದಿಂದ. 19ನೇ ಶತಮಾನದ ಕೊನೆಯಲ್ಲಿ ಅಲೆಕ್ಸಾಂಡರ್ ರೀ ಎಂಬ ಪುರಾತತ್ವ ಅಧಿಕಾರಿ ಬಳ್ಳಾರಿ ಜಿಲ್ಲೆಯ ಚಾಲುಕ್ಯ ಗುಡಿಗಳನ್ನು ಅಳೆದು ನಕ್ಷೆ ಬರೆದಾಗ ನೀಲಗುಂದದ ಗುಡಿಯೂ ಅದರಲ್ಲಿ ಸೇರಿತು. ಅಷ್ಟಕ್ಕೇ ಈ ಊರಿನ ಇತಿಹಾಸ ಮುಗಿಯಿತು ಎಂದು ನಾವು ತಿಳಿದಿದ್ದೇವೆ.

ಆದರೆ 1985ರಿಂದ 1990ರವರೆಗೆ ಇದೇ ನೀಲಗುಂದ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳನ್ನು ಒಳಗೊಂಡಿದ್ದ ಅಂದಿನ ಬಳ್ಳಾರಿ ಜಿಲ್ಲೆಯಲ್ಲಿ ಇನ್ನೊಂದು ಬಗೆಯ ಚರಿತ್ರೆ ನಡೆಯಿತು. ಜಗತ್ತಿನ ಮನೋವೈದ್ಯರು ಅದನ್ನು 'ಬಳ್ಳಾರಿ ಮಾದರಿ' ಎಂದು ಕರೆಯುತ್ತಾರೆ. ಮನೋರೋಗ ಮತ್ತು ಮೂರ್ಛೆರೋಗಕ್ಕೆ ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಮಾತ್ರ ಸಿಗುತ್ತಿದ್ದ ಗುಳಿಗೆಗಳನ್ನು ಹೋಬಳಿಯ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಲುಪಿಸಿದ ಪ್ರಯೋಗ ಅದು. ಆ ಗುಳಿಗೆಗಳಲ್ಲಿ ಮೂರ್ಛೆರೋಗದ ಗುಳಿಗೆಯ ಕಥೆಯನ್ನು ಇಲ್ಲಿ ಹೇಳಬೇಕೆಂದಿದ್ದೇವೆ. ಈ ರೋಗದ ಮದ್ದು ಸಿಗುವುದು ಎಷ್ಟು ಮುಖ್ಯವೋ, ಸಿಕ್ಕ ಮದ್ದನ್ನು ತಪ್ಪದೆ, ತಿಳಿದು, ಎಚ್ಚರದಿಂದ ನುಂಗುವುದೂ ಅಷ್ಟೇ ಮುಖ್ಯ. ಆ ಎಚ್ಚರದ ಒಂದೊಂದು ಮಾತಿನ ಹಿಂದೆಯೂ ಯಾರೋ ಪಟ್ಟ ಕಷ್ಟವಿದೆ.

ಒಂದು ರೋಗ, ಹಲವು ಹೆಸರು

ಕನ್ನಡದಲ್ಲಿ ಮೂರ್ಛೆ, ಅಪಸ್ಮಾರ, ಈಗ ಎಲ್ಲರ ಬಾಯಲ್ಲಿ ಫಿಟ್ಸ್. ನಮ್ಮ ಮನೆಗಳ ಉರ್ದುವಿನಲ್ಲಿ ಮಿರ್ಗಿ. ಅರಬಿ ವೈದ್ಯಗ್ರಂಥಗಳಲ್ಲಿ ಸರಅ, ಅಂದರೆ ನೆಲಕ್ಕೆ ಕೆಡವುವುದು. ಚರಕ ಸಂಹಿತೆ ಅಪಸ್ಮಾರಕ್ಕೆ ಪ್ರತ್ಯೇಕ ಅಧ್ಯಾಯಗಳನ್ನೇ ಮೀಸಲಿಟ್ಟಿದೆ. ನಟರಾಜನ ಪಾದದಡಿ ಬಿದ್ದಿರುವ ಕುಳ್ಳನ ಹೆಸರೂ ಅಪಸ್ಮಾರ. ಕ್ರಿಸ್ತಪೂರ್ವ 400ರ ಸುಮಾರಿಗೆ ಗ್ರೀಸಿನ ಹಿಪೊಕ್ರೇಟಸನ ಪರಂಪರೆಯ ವೈದ್ಯರು, ಈ ರೋಗ ದೇವರು ಕೊಟ್ಟದ್ದಲ್ಲ, ಇದರ ಮೂಲ ಮೆದುಳು ಎಂದು ವಾದಿಸಿದರು. 11ನೇ ಶತಮಾನದಲ್ಲಿ ಇಬ್ನ್ ಸೀನಾ ತನ್ನ 'ಅಲ್‌ಖಾನೂನ್'ನಲ್ಲಿ ಇದನ್ನು ಮೆದುಳಿನ ರೋಗಗಳ ಸಾಲಿನಲ್ಲೇ ಇಟ್ಟು ಚರ್ಚಿಸಿದ. ಅಂದರೆ ದೆವ್ವ ಗಾಳಿಗಳ ಮಾತು ಎಷ್ಟು ಹಳೆಯದೋ ಮೆದುಳಿನ ಮಾತೂ ಹೆಚ್ಚುಕಡಿಮೆ ಅಷ್ಟೇ ಹಳೆಯದು.

ಸಹೀಹ್ ಬುಖಾರಿಯಲ್ಲಿ ವರದಿಯಾದ ಒಂದು ಪ್ರಸಂಗ ನಮ್ಮ ಓದುಗರಲ್ಲಿ ಹಲವರಿಗೆ ಗೊತ್ತಿರಬಹುದು. ಕಪ್ಪು ವರ್ಣದ ಒಬ್ಬ ಮಹಿಳೆ ಪ್ರವಾದಿ ಮುಹಮ್ಮದ್(ಸ)ರ ಬಳಿ ಬಂದು, ತನಗೆ ಮೂರ್ಛೆ ಬರುತ್ತದೆ, ಆಗ ಮೈಮೇಲಿನ ಬಟ್ಟೆ ಸರಿಯುತ್ತದೆ, ತನಗಾಗಿ ಪ್ರಾರ್ಥಿಸಿ ಎಂದು ಕೇಳಿಕೊಂಡರು. ಸಹನೆಯಿಂದಿದ್ದರೆ ಸ್ವರ್ಗವಿದೆ, ಬೇಕಿದ್ದರೆ ಗುಣವಾಗಲೆಂದು ಪ್ರಾರ್ಥಿಸುತ್ತೇನೆ ಎಂದು ಪ್ರವಾದಿಯವರು ಆಯ್ಕೆಯನ್ನು ಆಕೆಗೇ ಬಿಟ್ಟರು. ಆಕೆ ಸಹನೆಯನ್ನು ಆರಿಸಿಕೊಂಡು, ಮೂರ್ಛೆ ಬಂದಾಗ ತನ್ನ ಮೈ ಬಯಲಾಗದಿರಲಿ ಎಂದಷ್ಟೇ ಪ್ರಾರ್ಥಿಸುವಂತೆ ಬೇಡಿಕೊಂಡರು. ಈ ಪ್ರಸಂಗದಲ್ಲಿ ರೋಗಿಯನ್ನು ಯಾರೂ ದೂರ ಇಡಲಿಲ್ಲ, ಆಕೆಯ ಮಾನದ ಚಿಂತೆಯನ್ನು ಕಡೆಗಣಿಸಲಿಲ್ಲ. ಮದ್ದು ಮಾಡಿಕೊಳ್ಳಿರಿ, ಅಲ್ಲಾಹನು ಮದ್ದಿಲ್ಲದ ರೋಗವನ್ನು ಸೃಷ್ಟಿಸಿಲ್ಲ ಎಂಬ ಅರ್ಥದ ಹದೀಸ್ ಕೂಡ ಇದೆ. ಎರಡನ್ನೂ ಒಟ್ಟಿಗೆ ಓದಬೇಕು.

ನಮ್ಮ ಸಮಾಜ ಹಾಗೆ ಓದಲಿಲ್ಲ. ಹಿಂದೂ ಮುಸ್ಲಿಮರೆಂಬ ಭೇದವಿಲ್ಲದೆ ಬರೆ ಹಾಕಿಸಿದೆವು, ತಾಯತ ಕಟ್ಟಿಸಿದೆವು, ಬಿದ್ದವರ ಕೈಗೆ ಕಬ್ಬಿಣದ ಕೀಲಿಕೈ ತುರುಕಿದೆವು, ಮೂಗಿಗೆ ಚಪ್ಪಲಿ ಹಿಡಿದೆವು. ಕೀಲಿಕೈ ಕೈಗಿಟ್ಟ ಮೇಲೆ ಮೂರ್ಛೆ ನಿಲ್ಲುವುದು ನಿಜ. ಏಕೆಂದರೆ ಹೆಚ್ಚಿನ ಮೂರ್ಛೆಗಳು ಒಂದೆರಡು ನಿಮಿಷದಲ್ಲಿ ತಾವಾಗಿಯೇ ನಿಲ್ಲುತ್ತವೆ. ಹೆಸರು ಮಾತ್ರ ಕೀಲಿಕೈಗೆ ಬರುತ್ತದೆ.

ರೋಗದ ಕಾರಣದ ಬಗ್ಗೆಯೂ ಒಂದು ತಪ್ಪು ತಿಳುವಳಿಕೆ ಇದೆ. ಹಂದಿಯ ಲಾಡಿಹುಳು ಮೆದುಳು ಸೇರಿ ಮೂರ್ಛೆ ತರುತ್ತದೆ ಎಂಬುದನ್ನು ಕೇಳಿದವರು, ಹಂದಿಮಾಂಸ ತಿನ್ನದ ನಮಗೆ ಅದರ ಭಯವಿಲ್ಲ ಎಂದುಕೊಳ್ಳುತ್ತಾರೆ. ಆದರೆ ಮೆದುಳಿಗೆ ತೊಂದರೆ ಕೊಡುವುದು ಮಾಂಸದೊಳಗಿನ ಹುಳುವಲ್ಲ, ಮನುಷ್ಯರ ಮಲದಿಂದ ಮಣ್ಣು, ನೀರು, ಸೊಪ್ಪುಗಳಿಗೆ ಸೇರುವ ಅದರ ಮೊಟ್ಟೆ. ಸರಿಯಾಗಿ ತೊಳೆಯದ ಸೊಪ್ಪು ತಿಂದ ಯಾರಿಗಾದರೂ ಅದು ಬರಬಹುದು. ಬಯಲು ಮಲವಿಸರ್ಜನೆಗೆ ಜಾತಿಮತಗಳ ಗಡಿಯಿಲ್ಲ.

ಗುಳಿಗೆ ಹುಟ್ಟಿದ ಬಗೆ

ಮೂರ್ಛೆಗೆ ಕೆಲಸ ಮಾಡುವ ಮೊದಲ ಆಧುನಿಕ ಮದ್ದು ಬಂದದ್ದು 1857ರಲ್ಲಿ. ನಮ್ಮಲ್ಲಿ ಸಿಪಾಯಿ ದಂಗೆ ಎದ್ದ ಅದೇ ಮೇ ತಿಂಗಳಲ್ಲಿ ಲಂಡನ್ನಿನ ವೈದ್ಯರ ಸಭೆಯೊಂದರಲ್ಲಿ ಸರ್ ಚಾರ್ಲ್ಸ್ ಲೋಕಾಕ್, ಪೊಟ್ಯಾಸಿಯಂ ಬ್ರೋಮೈಡ್ ಕೊಟ್ಟು ಕೆಲವು ಮಹಿಳೆಯರ ಮೂರ್ಛೆಯನ್ನು ನಿಲ್ಲಿಸಿದ್ದಾಗಿ ಹೇಳಿದರು. ಅಲ್ಲಿಂದ ಅರ್ಧ ಶತಮಾನ ಬ್ರೋಮೈಡಿನದೇ ಕಾಲ. ಅದರ ಬೆಲೆಯನ್ನೂ ರೋಗಿಗಳೇ ತೆತ್ತರು. ಮುಖದ ತುಂಬ ಗುಳ್ಳೆ, ಮಂಕು, ಮರೆವು, ಕೆಲವೊಮ್ಮೆ ಬುದ್ಧಿಭ್ರಮೆ. ಮೂರ್ಛೆ ನಿಂತರೂ ಮನುಷ್ಯ ಅರ್ಧ ನಿದ್ದೆಯಲ್ಲೇ ಬದುಕಬೇಕಿತ್ತು. ಮದ್ದು ರೋಗವನ್ನು ಹಿಡಿದಿಡುವುದರ ಜೊತೆಗೆ ರೋಗಿಯನ್ನೂ ಕುಗ್ಗಿಸಬಲ್ಲದು ಎಂಬ ಮೊದಲ ಪಾಠ ಇದು.

1912ರಲ್ಲಿ ಜರ್ಮನಿಯ ಆಲ್‌ಫ್ರೆಡ್ ಹಾಪ್ಟ್‌ಮನ್ ಎಂಬ ಯುವ ವೈದ್ಯ, ನಿದ್ದೆ ಬರಲೆಂದು ಫಿನೋಬಾರ್ಬಿಟಾಲ್ ಕೊಟ್ಟ ರೋಗಿಗಳಿಗೆ ಮೂರ್ಛೆಯೂ ಕಡಿಮೆಯಾದದ್ದನ್ನು ಗಮನಿಸಿ ಬರೆದ. ನಮ್ಮ ಔಷಧ ಅಂಗಡಿಗಳಲ್ಲಿ ಗಾರ್ಡಿನಾಲ್ ಎಂಬ ಹೆಸರಿನಿಂದ ಪರಿಚಿತವಾದದ್ದು ಈ ಮದ್ದೇ. ನೂರು ವರ್ಷ ಕಳೆದರೂ ಬಡದೇಶಗಳ ಲಕ್ಷಾಂತರ ಮೂರ್ಛೆರೋಗಿಗಳು ಇದನ್ನೇ ನಂಬಿದ್ದಾರೆ. ಹಾಪ್ಟ್‌ಮನ್ ಯಹೂದಿ ಮೂಲದವನು. 1933ರಲ್ಲಿ ನಾಜಿಗಳು ತಂದ ಕಾನೂನಿನಂತೆ, ವಂಶಪಾರಂಪರ್ಯ ಮೂರ್ಛೆರೋಗ ಇದೆ ಎನ್ನಲಾದವರಿಗೆ ಬಲವಂತದ ಸಂತಾನಹರಣ ಚಿಕಿತ್ಸೆ ಮಾಡಬಹುದಿತ್ತು. 1938ರಲ್ಲಿ ಹಾಪ್ಟ್‌ಮನ್‌ನನ್ನೇ ಹಿಡಿದು ಡಾಕಾವ್ ಶಿಬಿರಕ್ಕೆ ತಳ್ಳಿದರು. ಹೇಗೋ ಬಿಡುಗಡೆಯಾಗಿ ದೇಶ ಬಿಟ್ಟು ಅಮೆರಿಕ ಸೇರಿದ ಆತ 1948ರಲ್ಲಿ ಬಾಸ್ಟನ್ನಿನಲ್ಲಿ ತೀರಿಕೊಂಡ. ರೋಗಿಯನ್ನು ಹೊರೆ ಎಂದ ಪ್ರಭುತ್ವವೇ ವೈದ್ಯನನ್ನೂ ಹೊರೆ ಎಂದಿತು.

ಅದೇ 1938ರಲ್ಲಿ ಬಾಸ್ಟನ್ನಿನ ಮೆರಿಟ್ ಮತ್ತು ಪಟ್ನಂ ಎಂಬ ವೈದ್ಯರು ಫೆನಿಟಾಯಿನ್ ಮದ್ದನ್ನು ರೋಗಿಗಳಿಗೆ ಕೊಟ್ಟ ಫಲಿತಾಂಶ ಪ್ರಕಟಿಸಿದರು. ಹೆಚ್ಚು ಮಂಕು ಕವಿಸದೆಯೂ ಮೂರ್ಛೆ ತಡೆಯಬಹುದೆಂದು ತೋರಿಸಿದ್ದು ಇದು. 1962ರಲ್ಲಿ ಫ್ರಾನ್ಸಿನಲ್ಲಿ ನಡೆದದ್ದು ಇನ್ನೂ ಕುತೂಹಲದ ಸಂಗತಿ. ಈಜಿಪ್ಟಿನ ಜನವೈದ್ಯದಲ್ಲಿ ಬಳಕೆಯಲ್ಲಿದ್ದ ಖೆಲ್ಲಾ ಎಂಬ ಸಸ್ಯದ ಸತ್ವದಿಂದ ಹೊಸ ಮದ್ದು ಮಾಡಹೊರಟವರು, ಅದನ್ನು ಕರಗಿಸಲು ವಾಲ್ಪ್ರೊಯಿಕ್ ಆಮ್ಲವನ್ನು ಬಳಸಿದರು. ಮೂರ್ಛೆ ತಡೆದದ್ದು ಸಸ್ಯದ ಸತ್ವವಲ್ಲ, ಕರಗಿಸಲು ಬಳಸಿದ ಆಮ್ಲ. ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿರುವ ವಾಲ್ಪ್ರೋಯೇಟ್ ಹೀಗೆ ಸಿಕ್ಕಿತು. ಮುಂದೆ ಕಾರ್ಬಮಜೆಪೈನ್, ಲ್ಯಾಮೋಟ್ರಿಜಿನ್, ಲೆವಿಟಿರಾಸೆಟಾಮ್ ಮೊದಲಾದವು ಬಂದವು.

ಬಳ್ಳಾರಿ ಮಾದರಿ

ಮದ್ದುಗಳಿದ್ದವು, ಆದರೆ ಹಳ್ಳಿಯಲ್ಲಿ ಇರಲಿಲ್ಲ. 1974ರಲ್ಲಿ ಬೆಂಗಳೂರಿನಲ್ಲಿ ನಿಮ್ಹಾನ್ಸ್ ರೂಪುಗೊಂಡಾಗ ಅಲ್ಲಿನ ಕೆಲವು ವೈದ್ಯರನ್ನು ಕಾಡಿದ ಪ್ರಶ್ನೆ ಇದೇ. ರಾಯಚೂರು, ಬಳ್ಳಾರಿ ಕಡೆಯಿಂದ ಸಾಲ ಮಾಡಿ ಬಸ್ಸು ಹತ್ತಿ ಬರುವ ಕುಟುಂಬ ಒಂದು ತಿಂಗಳ ಗುಳಿಗೆ ಒಯ್ಯುತ್ತದೆ. ಗುಳಿಗೆ ಮುಗಿದ ಮೇಲೆ ಮತ್ತೆ ಬರಲು ದುಡ್ಡಿರುವುದಿಲ್ಲ. ಮೂರ್ಛೆರೋಗಕ್ಕೆ ಇದು ಬಹಳ ಅಪಾಯದ ಸಂಗತಿ. 1970ರ ದಶಕದ ನಡುವಿನಲ್ಲಿ ನಿಮ್ಹಾನ್ಸ್‌ನ ಸಮುದಾಯ ಮನೋವೈದ್ಯ ವಿಭಾಗ ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ಗ್ರಾಮೀಣ ಕೇಂದ್ರ ತೆರೆಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಅಲ್ಪಾವಧಿ ತರಬೇತಿ ಕೊಟ್ಟು ಈ ರೋಗಗಳನ್ನು ಗುರುತಿಸಲು ಕಲಿಸಬಹುದೆಂಬುದು ಅಲ್ಲಿ ಖಚಿತವಾಯಿತು. 1982ರಲ್ಲಿ ಭಾರತ ಸರಕಾರ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಘೋಷಿಸಿತು. ಕಾಗದದ ಮೇಲಿದ್ದ ಆ ಕಾರ್ಯಕ್ರಮವನ್ನು ಇಡೀ ಜಿಲ್ಲೆಯೊಂದರಲ್ಲಿ ನಡೆಸಿ ನೋಡಲು ಆರಿಸಿದ್ದು ಬಳ್ಳಾರಿಯನ್ನು.

ಆಗಿನ ಬಳ್ಳಾರಿ ಜಿಲ್ಲೆಯ ಜನಸಂಖ್ಯೆ ಸುಮಾರು 15 ಲಕ್ಷ. ನಿಮ್ಹಾನ್ಸ್ ಮತ್ತು ರಾಜ್ಯದ ಆರೋಗ್ಯ ಇಲಾಖೆ ಸೇರಿ ನಡೆಸಿದ ಈ ಕೆಲಸದ ಚೌಕಟ್ಟು ಸರಳವಾಗಿತ್ತು. ಜಿಲ್ಲಾಸ್ಪತ್ರೆಯಲ್ಲೊಂದು ಮನೋರೋಗ ಚಿಕಿತ್ಸಾಲಯ, ಆರೋಗ್ಯ ಕೇಂದ್ರಗಳ ವೈದ್ಯರಿಗೆ ಮತ್ತು ಮನೆಮನೆಗೆ ಹೋಗುವ ಕಾರ್ಯಕರ್ತರಿಗೆ ತರಬೇತಿ, ಕೆಲವೇ ಕೆಲವು ಅಗತ್ಯ ಮದ್ದುಗಳ ಪೂರೈಕೆ, ಯಾರು ಬಂದರು ಯಾರು ಬರಲಿಲ್ಲ ಎಂಬುದರ ಸುಲಭ ದಾಖಲೆ. ತೀವ್ರ ಮನೋರೋಗ, ಖಿನ್ನತೆ, ಬುದ್ಧಿಮಾಂದ್ಯಗಳ ಜೊತೆಗೆ ಮೂರ್ಛೆರೋಗವನ್ನೂ ಇದರಲ್ಲಿ ಸೇರಿಸಿದರು. ಮೂರ್ಛೆರೋಗ ಮನೋರೋಗವಲ್ಲ, ಅದು ನರರೋಗ. ಆದರೂ ಅದನ್ನು ಬಿಡಲಿಲ್ಲ. ಹಳ್ಳಿಯಲ್ಲಿ ಈ ಎರಡೂ ಬಗೆಯ ರೋಗಿಗಳಿಗೆ ಸಿಗುತ್ತಿದ್ದದ್ದು ಒಂದೇ ಬಗೆಯ ಅವಮಾನ. ಆ ಮದ್ದಿನ ಪಟ್ಟಿಯಲ್ಲಿ ಮೂರ್ಛೆಗೆಂದು ಇದ್ದವು ಹಳೆಯ ಫಿನೋಬಾರ್ಬಿಟಾಲ್, ಫೆನಿಟಾಯಿನ್ ಗುಳಿಗೆಗಳು. ಕಡಿಮೆ ಬೆಲೆಯವು, ದಿನಕ್ಕೊಮ್ಮೆ ಕೊಟ್ಟರೂ ಸಾಕಾಗುವಂಥವು.

ಮಾದರಿ ಗೆದ್ದಿತು. 1996ರಿಂದ ಕೇಂದ್ರ ಸರಕಾರ ಇದನ್ನೇ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಎಂಬ ಹೆಸರಿನಲ್ಲಿ ದೇಶದ ಬೇರೆ ಬೇರೆ ಜಿಲ್ಲೆಗಳಿಗೆ ಒಯ್ದಿತು. ಆದರೆ ದೇಶಕ್ಕೆ ಹರಡಿದಂತೆ ಅದರ ದೌರ್ಬಲ್ಯಗಳೂ ಕಾಣಿಸಿಕೊಂಡವು. ತರಬೇತಿ ಪಡೆದ ವೈದ್ಯರಿಗೆ ವರ್ಗವಾಗುತ್ತದೆ, ಬಂದ ಹೊಸಬರಿಗೆ ತರಬೇತಿ ಇರುವುದಿಲ್ಲ. ಒಂದು ತಿಂಗಳು ಬಂದ ಮದ್ದು ಮರುತಿಂಗಳು ಬರುವುದಿಲ್ಲ. ನಮ್ಮ ಪಡುವಣ ತಾಲ್ಲೂಕುಗಳಲ್ಲಂತೂ ಜಿಲ್ಲೆಯ ಗಡಿಯೇ ನಿಲ್ಲಲಿಲ್ಲ. ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಆಡಳಿತದ ನಕ್ಷೆ ಬದಲಾದಾಗ ಜಿಲ್ಲಾಸ್ಪತ್ರೆಯ ದಾರಿಯೂ ಬದಲಾಗುತ್ತದೆ. ದಿನವೂ ಗುಳಿಗೆ ನುಂಗಬೇಕಾದವರಿಗೆ ಇದು ಸಣ್ಣ ಸಂಗತಿಯಲ್ಲ.

ಯಳಂದೂರು ಮತ್ತು ಬಿಸಿನೀರಿನ ಮೂರ್ಛೆ

ಬಳ್ಳಾರಿಯ ಕೆಲಸ ಮುಗಿಯುವ ಹೊತ್ತಿಗೆ ಕರ್ನಾಟಕದ ದಕ್ಷಿಣ ತುದಿಯಲ್ಲಿ ಮೂರ್ಛೆರೋಗವೊಂದನ್ನೇ ಹಿಡಿದು ಇನ್ನೊಂದು ಅಧ್ಯಯನ ಆರಂಭವಾಯಿತು. ಹೆಸರಾಂತ ನರರೋಗ ತಜ್ಞ ಡಾ. ಕೆ. ಎಸ್. ಮಣಿ ಮತ್ತು ಸಂಗಡಿಗರು 1990-91ರಲ್ಲಿ ಯಳಂದೂರು ತಾಲ್ಲೂಕಿನ ಸುಮಾರು 65 ಸಾವಿರ ಜನರನ್ನು ಮನೆಮನೆಗೆ ಹೋಗಿ ವಿಚಾರಿಸಿದರು. ಸಾವಿರಕ್ಕೆ 4.6ರಷ್ಟು ಜನರಲ್ಲಿ ಮೂರ್ಛೆರೋಗ ಕಂಡಿತು. ರೋಗಿಗಳಿಗೆ ಫಿನೋಬಾರ್ಬಿಟಾಲ್ ಅಥವಾ ಫೆನಿಟಾಯಿನ್ ಕೊಟ್ಟು 5 ವರ್ಷ ಬೆನ್ನುಬಿಡದೆ ನೋಡಿದರು. 2001ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದ ಈ ಅಧ್ಯಯನ, ಈ ಎರಡು ಅಗ್ಗದ ಮದ್ದುಗಳಿಂದಲೇ ಹಳ್ಳಿಗಾಡಿನ ಹಲವರ ಮೂರ್ಛೆಯನ್ನು ಹತೋಟಿಗೆ ತರಬಹುದೆಂದು ತೋರಿಸಿತು. ಮೂರ್ಛೆಯ ಲೆಕ್ಕ ಬೆಳೆಯುವ ಮೊದಲೇ ಮದ್ದು ಶುರುಮಾಡಿದವರಿಗೆ ಹೆಚ್ಚು ಗುಣ ಕಂಡಿತು. ನಿಮ್ಹಾನ್ಸ್ ತಜ್ಞರು ಬೆಂಗಳೂರು ನಗರ ಮತ್ತು ಸುತ್ತಲ ಹಳ್ಳಿಗಳಲ್ಲಿ 1,02,557 ಜನರ ಸಮೀಕ್ಷೆ ನಡೆಸಿ 2004ರಲ್ಲಿ ಪ್ರಕಟಿಸಿದಾಗ ಸಾವಿರಕ್ಕೆ ನಗರದಲ್ಲಿ 5.7, ಹಳ್ಳಿಗಳಲ್ಲಿ 11.9 ಮಂದಿ ಮೂರ್ಛೆರೋಗಿಗಳಿದ್ದರು. ರೋಗ ಹೆಚ್ಚಿರುವುದು ಎಲ್ಲಿ, ವೈದ್ಯರು ಹೆಚ್ಚಿರುವುದು ಎಲ್ಲಿ ಎಂಬುದನ್ನು ಓದುಗರೇ ತೂಗಿ ನೋಡಬಹುದು.

ಡಾ. ಮಣಿಯವರೂ ಅವರ ನಂತರ ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮತ್ತಿತರರೂ ದಾಖಲಿಸಿದ ಇನ್ನೊಂದು ಸಂಗತಿ ನಮ್ಮ ನಾಡಿಗೆ ವಿಶೇಷವಾದದ್ದು. ಹಂಡೆಯ ಸುಡುನೀರನ್ನು ಚೊಂಬಿನಿಂದ ತಲೆಯ ಮೇಲೆ ಎಡೆಬಿಡದೆ ಎರೆದುಕೊಳ್ಳುವಾಗ ಬರುವ ಮೂರ್ಛೆ ಅದು. ದಕ್ಷಿಣ ಭಾರತದಲ್ಲಿ, ಅದರಲ್ಲೂ ಕರ್ನಾಟಕದಲ್ಲಿ ಹೆಚ್ಚಾಗಿ ಕಂಡ ಈ ಬಗೆಯನ್ನು ವೈದ್ಯಲೋಕ 'ಬಿಸಿನೀರಿನ ಮೂರ್ಛೆ' ಎಂದೇ ಕರೆಯುತ್ತದೆ. ನೀರನ್ನು ಉಗುರುಬೆಚ್ಚಗೆ ಮಾಡಿಕೊಳ್ಳುವುದೇ ಇದರ ಮೊದಲ ಮದ್ದು. ಅದರಿಂದ ನಿಲ್ಲದಿದ್ದರೆ ತಲೆಗೆ ಎರೆದುಕೊಳ್ಳುವ ದಿನ ಒಂದೆರಡು ತಾಸು ಮೊದಲು ಕ್ಲೋಬಜಾಮ್ ಗುಳಿಗೆ ಕೊಡುವ ಪದ್ಧತಿಯನ್ನು ನಿಮ್ಹಾನ್ಸ್ ವೈದ್ಯರು ರೂಢಿಗೆ ತಂದರು. ಯಾರಿಗೆ ಯಾವ ಮದ್ದು ಎಂಬುದು ಮೂರ್ಛೆಯ ಬಗೆಯನ್ನು ನೋಡಿ ತೀರ್ಮಾನಿಸಬೇಕಾದ ವಿಷಯ. ಪಕ್ಕದ ಮನೆಯವರಿಗೆ ಗುಣವಾದ ಗುಳಿಗೆಯನ್ನು ತಂದು ನಮ್ಮ ಮಕ್ಕಳಿಗೆ ನುಂಗಿಸುವಂತಿಲ್ಲ.

ಮದ್ದು ಕಲಿಸಿದ ಎಚ್ಚರಗಳು

ಈ ನೂರೈವತ್ತು ವರ್ಷಗಳ ಅನುಭವದಲ್ಲಿ ಮೊದಲನೆಯ ಎಚ್ಚರ, ಮದ್ದನ್ನು ನಾವೇ ನಿಲ್ಲಿಸಬಾರದು. ಆರು ತಿಂಗಳು ಮೂರ್ಛೆ ಬರಲಿಲ್ಲವೆಂದರೆ ಮನೆಯವರು ರೋಗ ಹೋಯಿತೆಂದು ಗುಳಿಗೆ ಬಿಡಿಸುತ್ತಾರೆ. ಮೂರ್ಛೆ ಬಾರದಿದ್ದದ್ದು ಗುಳಿಗೆಯಿಂದ ಎಂಬುದು ಮರೆತುಹೋಗುತ್ತದೆ. ಫಿನೋಬಾರ್ಬಿಟಾಲ್, ಕ್ಲೋಬಜಾಮ್‌ನಂಥ ಮದ್ದುಗಳಿಗೆ ಒಗ್ಗಿದ ಮೆದುಳು ಅವು ಹಠಾತ್ತನೆ ನಿಂತಾಗ ಕೆರಳುತ್ತದೆ. ಒಂದರ ಹಿಂದೆ ಒಂದು ಮೂರ್ಛೆ ಬಂದು ನಡುವೆ ಪ್ರಜ್ಞೆಯೇ ಮರಳದ ಸ್ಥಿತಿ ಬರಬಹುದು. ಅದು ಜೀವಕ್ಕೇ ಎರವಾಗುತ್ತದೆ. ಸಾಮಾನ್ಯವಾಗಿ ಎರಡು ಅಥವಾ ಹೆಚ್ಚು ವರ್ಷ ಮೂರ್ಛೆಯಿಲ್ಲದೆ ಕಳೆದ ಮೇಲೆ ಮದ್ದು ಬಿಡಿಸುವ ವಿಚಾರವನ್ನು ವೈದ್ಯರು ಮಾಡುತ್ತಾರೆ. ಆಗಲೂ ತಿಂಗಳುಗಟ್ಟಲೆ ಹಂತಹಂತವಾಗಿ ಇಳಿಸುತ್ತಾರೆ. ಒಂದು ಹೊತ್ತಿನ ಗುಳಿಗೆ ಮರೆತರೆ ನೆನಪಾದಾಗ ನುಂಗಬಹುದು. ಮುಂದಿನ ಹೊತ್ತು ಹತ್ತಿರವಾಗಿದ್ದರೆ ಮರೆತದ್ದನ್ನು ಬಿಟ್ಟುಬಿಡಬೇಕು. ಎರಡನ್ನೂ ಒಟ್ಟಿಗೆ ನುಂಗಬಾರದು. ಡಬ್ಬಿಯಲ್ಲಿ ವಾರಕ್ಕಾಗುವಷ್ಟು ಗುಳಿಗೆ ಉಳಿದಿರುವಾಗಲೇ ಹೊಸದನ್ನು ತರಬೇಕು.

ಎರಡನೆಯದು ಪ್ರಮಾಣದ ಎಚ್ಚರ. 1968ರಲ್ಲಿ ಆಸ್ಟ್ರೇಲಿಯದಲ್ಲಿ ಫೆನಿಟಾಯಿನ್ ಕ್ಯಾಪ್ಸೂಲಿನೊಳಗೆ ಮದ್ದಿನ ಜೊತೆ ತುಂಬುವ ಪುಡಿಯನ್ನು ಬದಲಿಸಿದರು. ಕ್ಯಾಲ್ಸಿಯಂ ಸಲ್ಫೇಟಿನ ಬದಲು ಲ್ಯಾಕ್ಟೋಸ್ ಹಾಕಿದರು, ಅಷ್ಟೇ. ಮದ್ದಿನ ಪ್ರಮಾಣ ಬದಲಾಗಿರಲಿಲ್ಲ. ಆದರೂ ರಕ್ತಕ್ಕೆ ಸೇರುವ ಮದ್ದು ಹೆಚ್ಚಾಗಿ ಹಲವು ರೋಗಿಗಳು ತೂರಾಡತೊಡಗಿದರು, ಒಂದು ವಸ್ತು ಎರಡಾಗಿ ಕಾಣತೊಡಗಿತು. ಫೆನಿಟಾಯಿನ್‌ನ ಸ್ವಭಾವವೇ ಹಾಗೆ. ಒಂದು ಮಟ್ಟ ದಾಟಿದ ಮೇಲೆ ಸ್ವಲ್ಪ ಹೆಚ್ಚಿಸಿದರೂ ರಕ್ತದಲ್ಲಿ ಬಹಳ ಏರುತ್ತದೆ. ಆದ್ದರಿಂದ ಅಂಗಡಿಯವರು ಬೇರೆ ಕಂಪನಿಯ ಗುಳಿಗೆ ಕೊಟ್ಟರೆ ವೈದ್ಯರನ್ನು ಕೇಳದೆ ಬದಲಿಸಬಾರದು. ನಡಿಗೆ ತಪ್ಪುವುದು, ಮಾತು ತೊದಲುವುದು, ಕಣ್ಣು ಮಂಜಾಗುವುದು, ಮಗು ಸದಾ ತೂಕಡಿಸುವುದು ಇಂಥವನ್ನು ಕಂಡರೆ ಗುಳಿಗೆಯನ್ನು ಎಸೆಯದೆ ಚೀಟಿ ಹಿಡಿದು ವೈದ್ಯರಲ್ಲಿಗೆ ಹೋಗಬೇಕು. ಫೆನಿಟಾಯಿನ್‌ನಿಂದ ವಸಡು ಊದಿಕೊಳ್ಳಬಹುದು, ಹಲ್ಲನ್ನು ಚೆನ್ನಾಗಿ ಉಜ್ಜುವುದರಿಂದ ಅದು ಕಡಿಮೆಯಾಗುತ್ತದೆ.

ಮದ್ದು ಶುರುಮಾಡಿದ ಮೊದಲ ಎರಡು ತಿಂಗಳಲ್ಲಿ ಮೈಮೇಲೆ ದದ್ದು, ಬಾಯಲ್ಲಿ ಹುಣ್ಣು, ಜ್ವರ, ಕಣ್ಣು ಕೆಂಪಾಗುವುದು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಕಾರ್ಬಮಜೆಪೈನ್, ಫೆನಿಟಾಯಿನ್, ಫಿನೋಬಾರ್ಬಿಟಾಲ್, ಲ್ಯಾಮೋಟ್ರಿಜಿನ್ ಕೆಲವೇ ಕೆಲವರಲ್ಲಿ ಚರ್ಮವೇ ಸುಲಿದುಹೋಗುವಂಥ ತೀವ್ರ ಅಲರ್ಜಿ ತರುತ್ತವೆ. ಕಾರ್ಬಮಜೆಪೈನ್‌ನಿಂದ ಹೀಗಾಗುವುದಕ್ಕೂ ಒಂದು ನಿರ್ದಿಷ್ಟ ವಂಶವಾಹಿಗೂ ನಂಟಿದೆ ಎಂದು 2004ರಲ್ಲಿ ತೈವಾನಿನ ಸಂಶೋಧಕರು ಕಂಡುಹಿಡಿದರು. ಮೊದಲು ಹಿಡಿದ ಮದ್ದನ್ನು ತಾವಾಗಿ ಬಿಡಬಾರದೆಂಬ ಮಾತಿಗೆ ಇದೊಂದು ಅಪವಾದ. ಇಲ್ಲಿ ತಡಮಾಡದೆ ವೈದ್ಯರ ಮುಂದೆ ನಿಲ್ಲಬೇಕು.

ಮದ್ದುಗಳು ಒಂದಕ್ಕೊಂದು ತಾಕಲಾಡುತ್ತವೆ ಎಂಬುದನ್ನೂ ತಿಳಿದಿರಬೇಕು. ಕ್ಷಯರೋಗಕ್ಕೆ ಕೊಡುವ ರಿಫಾಂಪಿಸಿನ್ ಮೂರ್ಛೆಯ ಹಲವು ಮದ್ದುಗಳ ಬಲ ತಗ್ಗಿಸುತ್ತದೆ. ಐಸೋನಿಯಾಜಿಡ್ ಫೆನಿಟಾಯಿನ್‌ನ ಮಟ್ಟವನ್ನು ಏರಿಸುತ್ತದೆ. ಫೆನಿಟಾಯಿನ್, ಕಾರ್ಬಮಜೆಪೈನ್, ಫಿನೋಬಾರ್ಬಿಟಾಲ್ ನುಂಗುವ ಹೆಂಗಸರಲ್ಲಿ ಗರ್ಭನಿರೋಧಕ ಗುಳಿಗೆ ಕೈಕೊಡಬಹುದು. ಯಾವ ಕಾಯಿಲೆಗೆ ಯಾವ ವೈದ್ಯರ ಬಳಿ ಹೋದರೂ ಮೂರ್ಛೆಯ ಗುಳಿಗೆಯ ಹೆಸರು ಹೇಳಬೇಕು. ಮೂರ್ಛೆಗೆ 'ಗಿಡಮೂಲಿಕೆ ಪುಡಿ' ಎಂದು ಮಾರುವ ಕೆಲವನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗ ಅವುಗಳಲ್ಲಿ ಫಿನೋಬಾರ್ಬಿಟಾಲ್ ಬೆರೆಸಿದ್ದು ಪತ್ತೆಯಾದ ನಿದರ್ಶನಗಳಿವೆ. ಅಂಥ ಪುಡಿಯನ್ನು ಎಷ್ಟು ಪ್ರಮಾಣವೆಂದು ತಿಳಿಯದೆ ನುಂಗುವವರು, ಹಠಾತ್ತನೆ ಬಿಡುವವರು ಎರಡೂ ಕಡೆಯಿಂದ ಅಪಾಯಕ್ಕೆ ಸಿಲುಕುತ್ತಾರೆ.

ಹೆಣ್ಣುಮಕ್ಕಳ ವಿಷಯ ಇನ್ನೂ ಸೂಕ್ಷ್ಮ. ಗರ್ಭಿಣಿಯರು ವಾಲ್ಪ್ರೋಯೇಟ್ ತೆಗೆದುಕೊಂಡರೆ ಮಗುವಿನ ಬೆನ್ನುಹುರಿ ಸರಿಯಾಗಿ ಮುಚ್ಚಿಕೊಳ್ಳದಿರುವ ಸಂಭವ ಹೆಚ್ಚು ಎಂಬ ವರದಿ 1982ರಲ್ಲಿ ಫ್ರಾನ್ಸಿನಿಂದ ಬಂತು. ಮಗುವಿನ ಬುದ್ಧಿಬೆಳವಣಿಗೆಗೂ ಅದರಿಂದ ಹಾನಿಯೆಂಬುದು ಮುಂದಿನ ಅಧ್ಯಯನಗಳಿಂದ ಸ್ಪಷ್ಟವಾಯಿತು. 2018ರಲ್ಲಿ ಬ್ರಿಟನ್, ಗರ್ಭನಿರೋಧದ ಖಚಿತ ಏರ್ಪಾಡು ಇಲ್ಲದೆ ಗರ್ಭ ಧರಿಸುವ ವಯಸ್ಸಿನ ಹೆಂಗಸರಿಗೆ ಇದನ್ನು ಕೊಡಬಾರದೆಂದು ನಿಯಮ ಮಾಡಿತು. ನೆರೆಯ ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ 1998ರಿಂದ ಮೂರ್ಛೆರೋಗವಿರುವ ಗರ್ಭಿಣಿಯರ ದಾಖಲೆಯನ್ನೇ ಇಡುತ್ತಾ ಬಂದಿದ್ದಾರೆ. ಮೂರ್ಛೆರೋಗವಿರುವ ಹೆಚ್ಚಿನ ಹೆಂಗಸರು ಆರೋಗ್ಯವಂತ ಮಕ್ಕಳನ್ನು ಹೆರುತ್ತಾರೆ. ಆದರೆ ಮದ್ದನ್ನು ಬದಲಿಸುವ, ಫೋಲಿಕ್ ಆಮ್ಲದ ಗುಳಿಗೆ ಆರಂಭಿಸುವ ಕೆಲಸ ಬಸಿರಾಗುವ ಮೊದಲೇ ಆಗಬೇಕು. ಬಸಿರೆಂದು ತಿಳಿದೊಡನೆ ಹೆದರಿ ಗುಳಿಗೆ ಬಿಟ್ಟರೆ ತಾಯಿ ಮಗು ಇಬ್ಬರ ಜೀವಕ್ಕೂ ಅಪಾಯ.

ಉಪವಾಸ, ಮದುವೆ ಮತ್ತು ಮುಚ್ಚುಮರೆ

ರಮಝಾನ್ ಬಂದಾಗ ನಮ್ಮ ಮನೆಗಳಲ್ಲಿ ಈ ಪ್ರಶ್ನೆ ಏಳುತ್ತದೆ. ಕುರ್‌ಆನ್ ರೋಗಿಗಳಿಗೆ ಉಪವಾಸದಿಂದ ರಿಯಾಯಿತಿ ಕೊಟ್ಟಿರುವುದು ಎರಡನೆಯ ಅಧ್ಯಾಯದಲ್ಲೇ ಸ್ಪಷ್ಟವಿದೆ. ಮೂರ್ಛೆ ಇನ್ನೂ ಹತೋಟಿಗೆ ಬಾರದವರು ಉಪವಾಸ ಹಿಡಿದು ಗುಳಿಗೆ ತಪ್ಪಿಸುವುದು ಆ ಕರುಣೆಯನ್ನು ತಿರಸ್ಕರಿಸಿದಂತೆ. ಹತೋಟಿಯಲ್ಲಿರ�ುವವರು ರಮಝಾನ್‌ಗೆ ಒಂದೆರಡು ತಿಂಗಳು ಮೊದಲೇ ವೈದ್ಯರನ್ನು ಕಾಣಬೇಕು. ಫಿನೋಬಾರ್ಬಿಟಾಲ್‌ನಂಥ ಮದ್ದು ದೇಹದಲ್ಲಿ ದಿನಗಟ್ಟಲೆ ಉಳಿಯುವುದರಿಂದ ರಾತ್ರಿ ಒಂದು ಹೊತ್ತು ನುಂಗಿದರೆ ನಡೆಯುತ್ತದೆ. ದಿನಕ್ಕೆ ಎರಡು ಮೂರು ಹೊತ್ತು ಬೇಕಾದ ಮದ್ದುಗಳನ್ನು ಇಫ್ತಾರ್ ಮತ್ತು ಸಹರಿಗೆ ಹೊಂದಿಸಬಹುದೇ ಎಂಬುದನ್ನು ವೈದ್ಯರೇ ಹೇಳಬೇಕು. ಇನ್ನೊಂದು ಮಾತು, ನಿದ್ದೆಗೆಡುವುದೇ ಮೂರ್ಛೆಗೆ ದೊಡ್ಡ ಕಾರಣ. ತರಾವೀಹ್ ಮುಗಿಸಿ ಮಲಗಿ ಸಹರಿಗೆ ಏಳುವವರು ಹಗಲು ನಿದ್ದೆ ತುಂಬಿಸಿಕೊಳ್ಳಬೇಕು. ಜಾತ್ರೆ, ಉರುಸು, ಮದುವೆಯ ಜಾಗರಣೆಗಳಿಗೂ ಇದೇ ಮಾತು.

ಪ್ರಾರ್ಥನೆ ಮದ್ದಿಗೆ ಎದುರಾಳಿಯಲ್ಲ ಎಂಬುದಕ್ಕೆ ನಮ್ಮ ಕಾಲದ ಉದಾಹರಣೆಯೂ ಇದೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರವಾಡಿ ದರ್ಗಾದ ಬಳಿಯ ಖಾಸಗಿ ಆಶ್ರಯವೊಂದಕ್ಕೆ ಬೆಂಕಿ ಬಿದ್ದು, ಸರಪಳಿಯಲ್ಲಿ ಕಟ್ಟಿದ್ದ 25ಕ್ಕೂ ಹೆಚ್ಚು ಮನೋರೋಗಿಗಳು ಸುಟ್ಟು ಸತ್ತರು. ನಂತರದ ವರ್ಷಗಳಲ್ಲಿ ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ 'ದವಾ-ದುವಾ' ಎಂಬ ಯೋಜನೆ ಬಂತು. ಮುಜಾವರರೇ ಹರಕೆ ಹೊತ್ತು ಬಂದವರನ್ನು ದರ್ಗಾದ ಆವರಣದಲ್ಲಿದ್ದ ವೈದ್ಯರಲ್ಲಿಗೆ ಕಳುಹಿಸತೊಡಗಿದರು. ನಮ್ಮ ದರ್ಗಾಗಳ, ಮಠಗಳ ಹಿರಿಯರು ಇದನ್ನು ನೋಡಿ ಕಲಿಯಬಹುದು.

ಮದ್ದು ತಪ್ಪಲು ಬಡತನದಷ್ಟೇ ದೊಡ್ಡ ಕಾರಣ ನಾಚಿಕೆ. 1976ರ ತಿದ್ದುಪಡಿಯಿಂದ ಹಿಂದೂ ವಿವಾಹ ಕಾಯ್ದೆಯಲ್ಲಿ, ವಿಶೇಷ ವಿವಾಹ ಕಾಯ್ದೆಯಲ್ಲಿ, ಪದೇ ಪದೇ ಬರುವ ಮೂರ್ಛೆರೋಗವನ್ನು ಹುಚ್ಚಿನ ಜೊತೆ ಸೇರಿಸಿ ಮದುವೆಗೆ ಅಡ್ಡಿಯೆಂದು ಬರೆಯಲಾಗಿತ್ತು. ಮೂರ್ಛೆರೋಗ ತಜ್ಞರು, ಅವರ ಸಂಘಟನೆಗಳು ವರ್ಷಗಟ್ಟಲೆ ವಾದಿಸಿದ ಮೇಲೆ 1999ರಲ್ಲಿ ಸಂಸತ್ತು ಆ ಪದವನ್ನು ಕಿತ್ತುಹಾಕಿತು. 1939ರ ಮುಸ್ಲಿಂ ವಿವಾಹ ವಿಸರ್ಜನಾ ಕಾಯ್ದೆಯ ಪಟ್ಟಿಯಲ್ಲಿ ಮೂರ್ಛೆರೋಗದ ಹೆಸರೇ ಇಲ್ಲ. ಕಾನೂನು ಬದಲಾದರೂ ಮನೆಗಳು ಬದಲಾಗಿಲ್ಲ. ಹೆಣ್ಣಿಗೆ ಮೂರ್ಛೆಯಿದೆಯೆಂದು ಹೇಳದೆ ಮದುವೆ ಮಾಡುತ್ತಾರೆ. ಗಂಡನ ಮನೆಯಲ್ಲಿ ಅವಳು ಗುಳಿಗೆಯನ್ನು ಅಕ್ಕಿಡಬ್ಬಿಯೊಳಗೆ ಬಚ್ಚಿಡುತ್ತಾಳೆ, ಸಿಗದ ದಿನ ಬಿಡುತ್ತಾಳೆ, ಒಲೆಯ ಮುಂದೆ ಮೂರ್ಛೆ ಬಿದ್ದು ಸುಟ್ಟುಕೊಳ್ಳುತ್ತಾಳೆ. ಗಂಡಿನ ರೋಗವನ್ನು ಮುಚ್ಚಿಡುವುದೂ ಅಪರೂಪವಲ್ಲ, ಆದರೆ ಬಯಲಾದಾಗ ತವರಿಗೆ ಮರಳಬೇಕಾದವಳು ಹೆಣ್ಣೇ. ಆ ಡಬ್ಬಿ ಎಲ್ಲರ ಕಣ್ಣೆದುರು ಗೂಡಿನಲ್ಲಿ ಇರುವಂತಾದರೆ ಅರ್ಧ ಚಿಕಿತ್ಸೆಯಾದಂತೆ.

ಮನೆಯವರಿಗೂ ಕೆಲವು ಮಾತು ಗೊತ್ತಿರಬೇಕು. ಮೂರ್ಛೆ ಬಂದವರನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಿ, ತಲೆಯ ಕೆಳಗೆ ಮೆತ್ತನೆಯದನ್ನು ಇಡಿ. ಬಾಯಿಗೆ ಚಮಚ, ನೀರು, ಗುಳಿಗೆ ಏನನ್ನೂ ಹಾಕಬೇಡಿ, ಕೈಕಾಲು ಒತ್ತಿ ಹಿಡಿಯಬೇಡಿ. ಗಡಿಯಾರ ನೋಡಿ. 5 ನಿಮಿಷ ದಾಟಿದರೆ, ಇಲ್ಲವೇ ಪ್ರಜ್ಞೆ ಬರುವ ಮೊದಲೇ ಮತ್ತೆ ಬಂದರೆ 108ಕ್ಕೆ ಫೋನ್ ಮಾಡಿ. ಮೂರ್ಛೆ ಹತೋಟಿಗೆ ಬರುವ ತನಕ ಕೆರೆ ಬಾವಿಗೆ ಒಬ್ಬರೇ ಇಳಿಯುವುದು, ಬಚ್ಚಲ ಬಾಗಿಲಿಗೆ ಚಿಲಕ ಹಾಕುವುದು, ಬೈಕು ಓಡಿಸುವುದು ಬೇಡ.

ಬಳ್ಳಾರಿ ಮಾದರಿಗೆ ಈಗ ನಾಲ್ಕು ದಶಕಗಳಾಗಿವೆ. ವಿಶ್ವ ಆರೋಗ್ಯ ಸಂಸ್ಥೆ 2022ರಿಂದ 2031ರವರೆಗೆ ಮೂರ್ಛೆರೋಗ ಮತ್ತು ಇತರ ನರರೋಗಗಳಿಗೆಂದು ಜಾಗತಿಕ ಯೋಜನೆಯೊಂದನ್ನು ಹಾಕಿಕೊಂಡಿದೆ. ನಮ್ಮ ದೇಶದಲ್ಲಿ ಪ್ರತಿ ನವೆಂಬರ್ 17ರಂದು ರಾಷ್ಟ್ರೀಯ ಮೂರ್ಛೆರೋಗ ದಿನ ಆಚರಿಸುತ್ತೇವೆ. ಭಾಷಣಗಳು ಆಗಲಿ. ಜೊತೆಗೆ ನೀಲಗುಂದದಂಥ ಊರಿನ ಜನ ಆ ದಿನ ತಮ್ಮ ಆರೋಗ್ಯ ಕೇಂದ್ರಕ್ಕೆ ಹೋಗಿ ಒಂದೇ ಪ್ರಶ್ನೆ ಕೇಳಲಿ: ಫಿಟ್ಸಿನ ಗುಳಿಗೆ ಈ ತಿಂಗಳು ಇದೆಯೇ, ಬರುವ ತಿಂಗಳೂ ಇರುತ್ತದೆಯೇ? ತಮ್ಮ ಜಿಲ್ಲೆಯಿಂದಲೇ ದೇಶ ಕಲಿತ ಪಾಠವನ್ನು ದೇಶದಿಂದ ಮರಳಿ ಕೇಳುವ ಹಕ್ಕು ಈ ಸೀಮೆಯ ಜನರಿಗೆ ಎಲ್ಲರಿಗಿಂತ ಹೆಚ್ಚಿದೆ.